ಹಗಲು ಮಲಗುವ ಬೀದಿ

"ಕೈ ತೆಗೀರಿ! ಮೊದಲು ಅದರ ಮೇಲಿಂದ ಕೈ ತೆಗೀರಿ!"

ಬಯಲಿನ ಆ ತುದಿಯಿಂದ ಕೂಗುತ್ತಲೇ ಓಡಿ ಬಂದವಳ ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು. ಇನ್ನೊಂದು ಹುಲ್ಲಿನಲ್ಲಿ ಎಲ್ಲೋ ಕಳಚಿ ಬಿದ್ದಿತ್ತು, ಅದರ ಪರಿವೆಯೇ ಅವಳಿಗಿರಲಿಲ್ಲ. ಇರುವುದಾದರೂ ಹೇಗೆ? ಬೆಳಿಗ್ಗೆಯಷ್ಟೇ ಜೋಪಾನವಾಗಿ ನಿಲ್ಲಿಸಿ ಹೋಗಿದ್ದ ಶಬ್ದ ಅಳೆಯುವ ಯಂತ್ರವನ್ನು ಯಾರೋ ಗಂಡಸು ಎರಡೂ ತೋಳಿನಿಂದ ತಬ್ಬಿಕೊಂಡು ನಿಂತಿದ್ದ!

ಅವನು ಮೆಲ್ಲಗೆ ತಲೆಯಾಡಿಸಿ, ಯಂತ್ರದ ತುದಿಯ ಮೈಕನ್ನು ಕಣ್ಣಲ್ಲೇ ತೋರಿಸಿದ. ಸುಮ್ಮನಿರಿ, ಅದು ಕೇಳಿಸಿಕೊಳ್ಳುತ್ತಿದೆ ಎನ್ನುವ ಹಾಗೆ.

ಯಂತ್ರ ಅವಳದು, ಪಾಠ ಅವಳಿಗೇ!

ಹತ್ತಿರ ಹೋಗಿ ಗುಂಡಿ ಒತ್ತಿ ನಿಲ್ಲಿಸಿದಳು. ಆಗ ಗೊತ್ತಾಯಿತು. ಗಾಳಿಗೆ ಸ್ಟ್ಯಾಂಡಿನ ಒಂದು ಕಾಲಿನ ತಿರುಪು ಸಡಿಲವಾಗಿತ್ತು. ಅವನು ಹಿಡಿಯದೇ ಹೋಗಿದ್ದರೆ ಇಷ್ಟು ಹೊತ್ತಿಗೆ ಯಂತ್ರ ಕಲ್ಲಿನ ಮೇಲೆ ಬಿದ್ದು ಚೂರಾಗಿರುತ್ತಿತ್ತು. ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಪ್ಯಾಂಟಿನ ಮೇಲೆ ಕೆಂಪಿರುವೆಗಳು ಸಾಲುಗಟ್ಟಿ ಏರುತ್ತಿದ್ದವು. ಆ ಬಿಸಿಲಲ್ಲಿ ಅದೆಷ್ಟು ಹೊತ್ತಿನಿಂದ ಹಾಗೆ ನಿಂತಿದ್ದನೋ... ಕೆಮ್ಮದೆ, ಕದಲದೆ!

"ಇನ್ನು ಮಾತಾಡಬಹುದಾ?" ಎಂದ, ಇರುವೆಗಳನ್ನು ಕೊಡವುತ್ತ. "ನಿಮ್ಮ ಕೂಗು ಒಂದು ಬಿಟ್ರೆ ಬೇರೇನೂ ದಾಖಲಾಗಿರಲ್ಲ. ಉಸಿರು ಕೂಡ ನೋಡ್ಕೊಂಡು ಬಿಟ್ಟಿದೀನಿ."

ಥ್ಯಾಂಕ್ಸ್ ಹೇಳಬೇಕಿತ್ತು. ಆದರೆ ಹೇಳಬೇಕಾದ ಮಾತೊಂದನ್ನು ಬಿಟ್ಟು ಬೇರೆಲ್ಲ ಬಾಯಿಗೆ ಬರುವುದು ಅವಳ ಹುಟ್ಟುಗುಣ. ಹುಬ್ಬು ಗಂಟಿಕ್ಕಿ, ಯಾರು ನೀವು ಎಂದು ಕೇಳಿದಳು.

"ಇಲ್ಲಿ ಗೋದಾಮು ಕಟ್ಟೋ ಕಂಪನಿಯ ಇಂಜಿನಿಯರ್."

ಇಷ್ಟು ಒಳ್ಳೆಯ ಕಣ್ಣು ಆ ಕಡೆಯವನಿಗೆ ಯಾಕಿರಬೇಕು...?

ಅವಳನ್ನು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಅತ್ತೆ ಇಟ್ಟ ಹೆಸರದು. ಅತ್ತೆ ಎಂದರೆ ಅಪ್ಪನ ಅಕ್ಕ, ಹೆತ್ತವರಿಲ್ಲದ ಮಗುವನ್ನು ಎತ್ತಿಕೊಂಡು ಬಂದು ಸಾಕಿದಾಕೆ. ಮಗು ಒಂದು ಕಡೆ ಕೂತರೆ ತಾನೇ? ಊಟಕ್ಕೆ ಕೂತರೂ ಒಂದು ಕಾಲು ಬಾಗಿಲ ಕಡೆ. ಈಗ ಓದಿ, ಪರಿಸರ ಪರಿಣಾಮ ಅಳೆಯುವ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದರೂ ಗುಬ್ಬಿ ಗುಬ್ಬಿಯೇ.

ಎಲ್ಲಾದರೂ ದೊಡ್ಡ ಕಟ್ಟಡ ಬರುತ್ತದೆ ಎಂದರೆ ಅವಳ ಕಚೇರಿ ಮೊದಲೇ ಹೋಗಿ ಲೆಕ್ಕ ಹಾಕಬೇಕು. ಎಷ್ಟು ಜನರಿಗೆ ಕೆಲಸ ಸಿಗುತ್ತದೆ, ಎಷ್ಟು ಲಾರಿ ಓಡುತ್ತವೆ, ಕಾಂಕ್ರೀಟು ಹಾಸಿದ ಮೇಲೆ ಮಳೆನೀರು ಯಾರ ಅಂಗಳಕ್ಕೆ ನುಗ್ಗುತ್ತದೆ, ಸದ್ದು ಎಷ್ಟು ಏರುತ್ತದೆ... ಈ ಸಲ ಬರಲಿದ್ದುದು ಗೋದಾಮು. ಅದು ಬರಲಿದ್ದ ಬಯಲಿಗೆ ಅಂಟಿಕೊಂಡೇ ಅತ್ತೆಯ ಬೀದಿ.

ಆ ಬೀದಿಯ ರೀತಿಯೇ ಬೇರೆ. ಅಲ್ಲಿದ್ದವರೆಲ್ಲ ರಾತ್ರಿ ಪಾಳಿಯವರು. ಆಸ್ಪತ್ರೆಯ ನರ್ಸುಗಳು, ಬೇಕರಿಯಲ್ಲಿ ರಾತ್ರಿಯಿಡೀ ಒಲೆಯ ಮುಂದೆ ನಿಲ್ಲುವವರು, ಕಾವಲಿನವರು. ಊರು ಏಳುವ ಹೊತ್ತಿಗೆ ಇವರು ಬಂದು ಮಲಗುತ್ತಿದ್ದರು. ಹಗಲೆಲ್ಲ ಕಿಟಕಿಗಳಿಗೆ ದಪ್ಪ ಪರದೆ. ತರಕಾರಿ ಗಾಡಿಯವನು ಕೂಡ ಆ ಬೀದಿಗೆ ಬಂದರೆ ಕೂಗುತ್ತಿರಲಿಲ್ಲ, ಬಾಯಿಗೆ ಬೀಗ ಹಾಕಿಕೊಂಡು ಗಾಡಿ ನೂಕುತ್ತಿದ್ದ. ಅತ್ತೆಯೂ ನರ್ಸು. ಬೆಳಿಗ್ಗೆ ಬಂದು ದಿಂಬಿಗೆ ತಲೆ ಕೊಟ್ಟರೆ ಮಧ್ಯಾಹ್ನದವರೆಗೆ ಆ ಮನೆಯಲ್ಲಿ ಚಮಚವೂ ಸದ್ದು ಮಾಡುವಂತಿಲ್ಲ.

ಗೋದಾಮಿನ ಲಾರಿ ಗೇಟು ಸರಿಯಾಗಿ ಆ ಬೀದಿಯ ತುದಿಗೆ ಎಂದು ನಕ್ಷೆಯಲ್ಲಿತ್ತು. ಹೆದ್ದಾರಿಯ ಕಡೆ ಇಡಬಹುದಿತ್ತು, ಆದರೆ ಅಲ್ಲಿ ಕಾಲುವೆಗೆ ಸೇತುವೆ ಕಟ್ಟಬೇಕು, ಅಷ್ಟು ಖರ್ಚು ಯಾಕೆ ಎಂದಿತ್ತು ಕಂಪನಿ.

ಇನ್ನು ಉಳಿದಿದ್ದು ಅಳತೆ. ಜಾಗ ಈಗ ನಿಶ್ಶಬ್ದವಾಗಿದೆ ಎಂದು ಯಂತ್ರ ಹೇಳಿದರೆ ಗೇಟು ಆಚೆ ಹೋಗಲೇಬೇಕು, ಅದು ನಿಯಮ. ಈಗಾಗಲೇ ಗದ್ದಲವಿದೆ ಎಂದು ಹೇಳಿದರೆ? ಇರುವ ಗದ್ದಲಕ್ಕೆ ಇನ್ನೊಂದಿಷ್ಟು ಸೇರಿದರೆ ಏನು ಮಹಾ ಎಂದು ಗೇಟು ಅಲ್ಲೇ ನಿಲ್ಲುತ್ತದೆ. ಬೀದಿಯ ನಿದ್ದೆ ಅಷ್ಟೂ ಆ ಅಳತೆಯ ಕೈಯಲ್ಲಿತ್ತು.

ಅತ್ತೆಯ ಮನೆ ಅಲ್ಲೇ ಇದೆ ಎಂದು ಗುಬ್ಬಿ ಮೊದಲ ದಿನವೇ ಮೇಲಧಿಕಾರಿಗೆ ಹೇಳಿಬಿಟ್ಟಿದ್ದಳು. ಅವಳಿಗೆ ಮುಚ್ಚಿಡುವುದು ಬರುವುದಿಲ್ಲ. ಅವರಿಂದ ತಿಳಿದ ಕಂಪನಿಯವರು ಅವಳೇ ಅಳೆಯಲು ಒಪ್ಪಿಕೊಂಡರು, ಒಂದೇ ಷರತ್ತಿನ ಮೇಲೆ. ಅಳತೆಯ ಹತ್ತಿರ ಅವಳ ಮನೆಯವರ ನೆರಳೂ ಸುಳಿಯಬಾರದು. ಸುಳಿದರೆ ವರದಿಯೂ ಇಲ್ಲ, ಅವಳೂ ಇಲ್ಲ.

ಇಂಜಿನಿಯರಿಗೆ ಅದೇ ಬಯಲಿನಲ್ಲಿ ಮಣ್ಣು ಪರೀಕ್ಷೆಯ ಕೆಲಸ. ಅವನ ಕೊರೆಯುವ ಯಂತ್ರ ಶುರುವಾದರೆ ನೆಲವೇ ನಡುಗುತ್ತಿತ್ತು. ಅವಳಿಗೆ ನಿಶ್ಶಬ್ದ ಬೇಕು, ಅವನಿಗೆ ಕೆಲಸ ಮುಗಿಯಬೇಕು. ಎತ್ತು ಏರಿಗೆ, ಕೋಣ ನೀರಿಗೆ! ಕೊನೆಗೆ ಒಂದು ಒಪ್ಪಂದವಾಯಿತು. ಅವಳು ಕೆಂಪು ಕೊಡೆ ಬಿಚ್ಚಿದರೆ ಅವನು ಯಂತ್ರ ನಿಲ್ಲಿಸಬೇಕು. ಮಡಚಿದರೆ ಶುರು ಮಾಡಬಹುದು.

ಯಂತ್ರ ನಿಂತ ಹೊತ್ತಿನಲ್ಲಿ ಅವನು ಸುಮ್ಮನೆ ಕೂರಬೇಕಲ್ಲ? ಒಂಟಿ ಮರದ ಬುಡಕ್ಕೆ ಬಂದು ಕೂರುತ್ತಿದ್ದ. ಮೈಕಿಗೆ ಕೇಳಿಸದಷ್ಟು ದೂರ. ಅವಳೂ ಅಲ್ಲೇ. ಫ್ಲಾಸ್ಕಿನ ಮುಚ್ಚಳದಲ್ಲಿ ಅವನು ಚಹಾ ಸುರಿದು ಮುಂದೆ ಹಿಡಿಯುತ್ತಿದ್ದ, ಒಂದೂ ಮಾತಿಲ್ಲದೆ. ಮೊದಲ ನಾಲ್ಕು ದಿನ ಅವಳು ಬೇಡವೆಂದಳು. ಐದನೇ ದಿನ, ಸಕ್ಕರೆ ಕಡಿಮೆಯಾಯಿತು ಎಂದಳು.

ಪಿಸುದನಿಯಲ್ಲಿ ಮಾತು ಬೆಳೆಯಿತು. ಪಾಳಿ ಮುಗಿಸಿ ಮನೆಗೆ ಬರುತ್ತಿದ್ದ ಅತ್ತೆಯನ್ನು ಅವಳು ದೂರದಿಂದಲೇ ಅವನಿಗೆ ತೋರಿಸಿದಳು. ಗೇಟು ಹೆದ್ದಾರಿಯ ಕಡೆಗಿರಲಿ ಎಂದು ಮೊದಲ ನಕ್ಷೆ ಬರೆದವನು ತಾನೇ, ಅದನ್ನು ಮೇಲಿನವರು ತಳ್ಳಿಹಾಕಿದರು ಎಂದು ಅವನು ಹೇಳಿದ. ಗೋದಾಮೇ ಬೇಡ ಎನ್ನುವವಳು ತಾನಲ್ಲ, ಬೀದಿಯ ಎಷ್ಟೋ ಮನೆಯ ಮಕ್ಕಳು ಆ ಕೆಲಸಕ್ಕಾಗಿ ಕಾಯುತ್ತಿದ್ದಾರೆ ಎಂದು ಅವಳು ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೇ ಆಶ್ಚರ್ಯವಾಯಿತು. ತಾನು ಇಷ್ಟು ಹೊತ್ತು ಒಂದೇ ಕಡೆ ಕೂತಿದ್ದೇನೆಯೇ...?

ಆಮೇಲಾಮೇಲೆ ಅಳತೆ ಮುಗಿದರೂ ಕೊಡೆ ಮಡಚುವುದು ತಡವಾಗತೊಡಗಿತು. ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಇಬ್ಬರೂ ಗೊತ್ತಿಲ್ಲದವರ ಹಾಗೆ ಮರ ನೋಡುತ್ತ ಕೂರುತ್ತಿದ್ದರು. ಪಾಪ, ಮರಕ್ಕೆ ಎಷ್ಟು ಮುಜುಗರವಾಗಿರಬೇಡ!

ಕೊನೆಯ ಮುಖ್ಯ ಅಳತೆಗೆ ಯಂತ್ರವನ್ನು ಬೀದಿಯ ತುದಿಯಲ್ಲಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಮೈಕು ಮಾತ್ರ ಹೊರಗಿರುವ ಹಾಗೆ ಒಂದು ವಾರ ಬಿಡಬೇಕಿತ್ತು. ಹಳೆಯ ಯಂತ್ರ. ಎಷ್ಟು ಸದ್ದು ಎಂದು ಹೇಳುತ್ತದೆ, ಯಾರ ಸದ್ದು ಎಂದು ಹೇಳುವುದಿಲ್ಲ. ಆ ವಾರ ಗುಬ್ಬಿ ಕಚೇರಿಯಲ್ಲಿ ಕೂತು ಲಾರಿ, ಕೂಲಿ, ನೀರಿನ ಲೆಕ್ಕ ಮುಗಿಸಬೇಕಿತ್ತು.

"ನಿಮ್ಮ ಯಂತ್ರ?" ಎಂದು ಅವನನ್ನು ಕೇಳಿದಳು.

"ಈ ವಾರ ಅದಕ್ಕೆ ರಜೆ. ಕೆಲಸದವರನ್ನೂ ಮನೆಗೆ ಕಳಿಸಿದೀನಿ. ಕೀಲಿ ನನ್ನ ಜೇಬಲ್ಲೇ ಇರುತ್ತೆ." ಜೇಬು ತಟ್ಟಿ ತೋರಿಸಿ ಕೇಳಿದ, "ನಂಬಿಕೆ ಇಲ್ವಾ?"

"ಇದೆ," ಎಂದಳು. ಮುಖ ಕೆಂಪಾಯಿತು. ಇಷ್ಟು ಬೇಗ ಹೇಳಬಾರದಿತ್ತೇನೋ!

ಆ ವಾರ ಗುಬ್ಬಿ ಕಾಲು ಸುಟ್ಟ ಬೆಕ್ಕಿನ ಹಾಗೆ ಕಚೇರಿಯೆಲ್ಲ ಓಡಾಡಿದಳು. ಲಾರಿ ಎಣಿಸಲು ಕೂತರೆ ಫ್ಲಾಸ್ಕಿನ ಮುಚ್ಚಳ ಕಣ್ಣೆದುರು ಬರುತ್ತಿತ್ತು. ಒಂದೇ ಸಾಲನ್ನು ಎರಡೆರಡು ಸಲ ಕೂಡಿ ಮೇಲಧಿಕಾರಿಯಿಂದ ಬೈಸಿಕೊಂಡಳು. ವಾರ ಕಳೆದು ಪೆಟ್ಟಿಗೆ ತೆರೆದು, ಅಂಕಿಗಳನ್ನು ಕಂಪ್ಯೂಟರಿನಲ್ಲಿ ನೋಡಿದವಳು ಮತ್ತೊಮ್ಮೆ ಮೊದಲಿಂದ ನೋಡಿದಳು.

ಹಗಲು ಹೊತ್ತಿನಲ್ಲಿ ಸದ್ದು ಮುಗಿಲು ಮುಟ್ಟಿತ್ತು! ದಿನವೂ, ಗಂಟೆಗಟ್ಟಲೆ. ಸೂಜಿ ಬಿದ್ದರೆ ಕೇಳಿಸುವ ಬೀದಿಯಲ್ಲಿ!

ಆ ಬಯಲಿನಲ್ಲಿ ಅಷ್ಟು ಸದ್ದು ಮಾಡಬಲ್ಲ ವಸ್ತು ಒಂದೇ ಇತ್ತು. ಅದರ ಕೀಲಿ ಒಬ್ಬನ ಜೇಬಿನಲ್ಲಿತ್ತು.

ಗುಬ್ಬಿ ಅವನಿಗೆ ಫೋನು ಮಾಡಿದಳು. ಯಂತ್ರ ಓಡಿಸಿದಿರಾ ಎಂದು ಕೇಳಿದಳು. ಇಲ್ಲ ಎಂದ ಅವನು, ತಕ್ಷಣ. ಹಾಗಾದರೆ ಈ ಸದ್ದು ಎಲ್ಲಿಂದ ಬಂತು ಎಂದಳು. ಅವನು, ನನಗೆ ಸ್ವಲ್ಪ ಸಮಯ ಕೊಡಿ ಎಂದಷ್ಟೇ ಹೇಳಿ ಫೋನು ಇಟ್ಟುಬಿಟ್ಟ.

ಸಮಯ ಯಾರಿಗೆ ಬೇಕು? ಸುಳ್ಳು ಹೊಂದಿಸಿಕೊಳ್ಳುವವರಿಗೆ! ಗುಬ್ಬಿ ದಿಂಬಿಗೆ ಮುಖ ಒತ್ತಿ ಅತ್ತಳು. ಎದ್ದು ಮುಖ ತೊಳೆದಳು. ಮತ್ತೆ ಅತ್ತಳು.

ಅಹವಾಲು ಸಭೆ ನಡೆದದ್ದು ಶಾಲೆಯ ದೊಡ್ಡ ಕೋಣೆಯಲ್ಲಿ. ಬೀದಿಯವರೆಲ್ಲ ನಿದ್ದೆಗಣ್ಣಲ್ಲೇ ಬಂದು ಬೆಂಚುಗಳಲ್ಲಿ ಕೂತಿದ್ದರು. ಅತ್ತೆಯಂತೂ ಮೊದಲ ಸಾಲಿನಲ್ಲೇ ತೂಕಡಿಸುತ್ತಿದ್ದಳು. ನರೆಗೂದಲಿನ ಅಧ್ಯಕ್ಷೆ ವರದಿ ಓದಿ ಮುಗಿಸಿದ ಮೇಲೆ ಕಂಪನಿಯ ವಕೀಲರು ನಗುತ್ತ ಎದ್ದರು. ನೋಡಿ ಮೇಡಂ, ಅಲ್ಲಿ ಈಗಾಗಲೇ ಸಂತೆ ಗದ್ದಲವಿದೆ, ನಮ್ಮ ಲಾರಿ ಯಾವ ಲೆಕ್ಕ?

ಗುಬ್ಬಿ ಎದ್ದು ನಿಂತಳು. ಇದು ಆ ಜಾಗದ ಸಹಜ ಸದ್ದಲ್ಲ, ಅಳತೆಯ ವಾರದಲ್ಲಿ ಕೊರೆಯುವ ಯಂತ್ರ ಓಡಿರಬೇಕು ಎಂದಳು. ಅವನ ಕಡೆ ನೋಡಲಿಲ್ಲ.

ಅಧ್ಯಕ್ಷೆ ಇಂಜಿನಿಯರನ್ನು ಕರೆದು, ಹೌದೇ ಎಂದು ಕೇಳಿದರು.

ಅವನು ಒಮ್ಮೆ ಗುಬ್ಬಿಯನ್ನು ನೋಡಿದ. ಆಮೇಲೆ ಅವನ ಕಣ್ಣು ಮೊದಲ ಸಾಲಿನ ಅತ್ತೆಯ ಮೇಲೆ ಹೋಗಿ, ಅಲ್ಲೇ ಸ್ವಲ್ಪ ನಿಂತಿತು.

"ಹೌದು ಮೇಡಂ," ಎಂದ. "ಕೆಲಸ ಹಿಂದೆ ಬಿದ್ದಿತ್ತು. ಯಾರಿಗೂ ಹೇಳದೆ ನಾನೇ ಓಡಿಸಿದೆ. ಆ ಅಳತೆ ಲೆಕ್ಕಕ್ಕೆ ಹಿಡೀಬೇಡಿ. ಇನ್ನೊಂದು ಸಲ ಅಳೆಸಿ."

ಕೋಣೆಯೆಲ್ಲ ಗುಸುಗುಸು. ಅಲ್ಲೇ, ಎಲ್ಲರ ಎದುರಿಗೇ, ಕಂಪನಿಯವರು ಅವನನ್ನು ಕೆಲಸದಿಂದ ತೆಗೆದುಹಾಕಿದರು. ಮರು ಅಳತೆಗೆ ಆದೇಶವಾಯಿತು. ಬೀದಿಯವರು ಚಪ್ಪಾಳೆ ತಟ್ಟಿದರು. ಗೆದ್ದವಳು ಗುಬ್ಬಿ.

ಗೆದ್ದರೆ ಹೀಗಿರುತ್ತದೆಯೇ? ಬಾಗಿಲ ಬಳಿ ಅವನು ಪಕ್ಕದಲ್ಲೇ ಹಾದುಹೋದಾಗ ಅವಳು ತಡೆದು ಕೇಳಿದಳು.

"ಫೋನಲ್ಲಿ ಇಲ್ಲ ಅಂದ್ರಿ. ಇಲ್ಲಿ ಹೌದು ಅಂದ್ರಿ. ಯಾವುದು ನಿಜ?"

"ಇಲ್ಲಿ ಹೇಳಿದ್ದನ್ನೇ ಇಟ್ಕೊಳ್ಳಿ," ಎಂದು ಅವನು ಹೋಗಿಬಿಟ್ಟ.

ಅವಳು ಅವನ ಬೆನ್ನನ್ನೇ ನೋಡುತ್ತ ನಿಂತಳು. ದ್ವೇಷಿಸಬೇಕು ಎಂದು ಗಟ್ಟಿ ಮನಸ್ಸು ಮಾಡಿದಳು. ಮನಸ್ಸು ಯಾವತ್ತು ಅವಳ ಮಾತು ಕೇಳಿದೆ?

ಮರು ಅಳತೆಗೆ ಮತ್ತೆ ಅದೇ ಪೆಟ್ಟಿಗೆ, ಅದೇ ಜಾಗ. ಕೊರೆಯುವ ಯಂತ್ರವನ್ನು ಕಂಪನಿ ಸಾಗಿಸಿಯಾಗಿತ್ತು. ಮೊದಲ ದಿನ ಗುಬ್ಬಿ ಪೆಟ್ಟಿಗೆ ಚಾಲೂ ಮಾಡಿ ಕಚೇರಿಗೆ ಹೋದಳು. ಕೂರಲಾಗಲಿಲ್ಲ. ನೀರು ಕುಡಿದಳು, ಕಿಟಕಿ ತೆರೆದಳು, ಮುಚ್ಚಿದಳು. ಕೊನೆಗೆ ತಲೆನೋವು ಎಂದು ಹೇಳಿ ಮಧ್ಯಾಹ್ನಕ್ಕೆ ಮೊದಲೇ ಮನೆ ಕಡೆ ಹೊರಟಳು.

ಬೀದಿಯ ತಿರುವಿನಲ್ಲೇ ಕೇಳಿಸಿತು. ಢಣ ಢಣ ಢಣ!

ಓಡಿದಳು. ಪೆಟ್ಟಿಗೆಯ ಸುತ್ತ ಇಡೀ ಬೀದಿಯೇ ನೆರೆದಿತ್ತು! ಅತ್ತೆ ನೈಟಿಯ ಮೇಲೆ ಟವೆಲ್ ಹೊದ್ದು ಕುಕ್ಕರಿನ ಮುಚ್ಚಳಕ್ಕೆ ಸೌಟಿನಿಂದ ಬಡಿಯುತ್ತಿದ್ದಳು. ಪಕ್ಕದ ಮನೆಯ ಬೇಕರಿಯಣ್ಣ ಎರಡು ಬ್ರೆಡ್ ಟ್ರೇಗಳನ್ನು ಒಂದಕ್ಕೊಂದು ಗುದ್ದುತ್ತಿದ್ದ. ಕಾವಲಿನವರೊಬ್ಬರು ಕೂತಲ್ಲೇ ತೂಕಡಿಸುತ್ತ, ಎಚ್ಚರವಾದಾಗಲೆಲ್ಲ ಒಂದೊಂದು ಸೀಟಿ ಊದುತ್ತಿದ್ದರು.

ಗುಬ್ಬಿ ಯಂತ್ರ ಆರಿಸಿದಳು. ಇದೇನು ಅತ್ತೆ ಎಂದು ಕೇಳಿದಳು.

ಅತ್ತೆಗೆ ಸಿಕ್ಕಿಬಿದ್ದ ನಾಚಿಕೆಗಿಂತ ಹೆಮ್ಮೆಯೇ ಹೆಚ್ಚಿತ್ತು. "ಹೋದ ಸಲಾನೂ ನಾವೇ ಕಣೇ. ಪಾಳಿ ಹಾಕ್ಕೊಂಡು ಬಡಿದ್ವಿ, ನಿದ್ದೆ ಬಿಟ್ಟು. ನಿನಗೆ ಗೊತ್ತಾದ್ರೆ ಬೇಡ ಅಂತೀಯ ಅಂತ ಹೇಳ್ಲಿಲ್ಲ. ಇಲ್ಲಿ ಈಗ್ಲೇ ಇಷ್ಟು ಗಲಾಟೆ ಇದೆ, ಇನ್ನು ಲಾರೀನೂ ಬಂದ್ರೆ ಬದುಕೋದು ಹೇಗೆ ಅಂತ ಆ ಮಿಷನ್ನಿಗೆ ಗೊತ್ತಾಗ್ಲಿ ಅಂತ!"

ಗುಬ್ಬಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಬಿಡಿಸಿ ಹೇಳಿದಳು. ಗದ್ದಲ ಹೆಚ್ಚು ತೋರಿಸಿದಷ್ಟೂ ಗೇಟು ಗಟ್ಟಿಯಾಗುತ್ತದೆ. ನಿಶ್ಶಬ್ದವೊಂದೇ ಈ ಬೀದಿಯನ್ನು ಉಳಿಸುವುದು.

ಬೇಕರಿಯಣ್ಣನ ಕೈಯಿಂದ ಟ್ರೇ ಜಾರಿ ಬಿತ್ತು.

"ಅಯ್ಯೋ... ನಮ್ಮ ತಲೆ ಮೇಲೆ ನಾವೇ ಚಪ್ಪಡಿ ಎಳ್ಕೊಂಡ್ವಾ? ಸಭೇಲಿ ಆ ವಕೀಲರು ಹೇಳಿದ್ದು ನಿದ್ದೆಗಣ್ಣಲ್ಲಿ ನಮ್ಮ ತಲೆಗೇ ಹೋಗ್ಲಿಲ್ಲ!" ಎಂದಳು ಅತ್ತೆ. ಆಮೇಲೆ ತಡೆದು ತಡೆದು ಹೇಳಿದಳು, "ಹೋದ ಸಲ ಕೊನೇ ದಿನ ಆ ಇಂಜಿನಿಯರು ಅಲ್ಲಿ ಮರದ ಹತ್ತಿರ ನಿಂತು ನೋಡ್ತಿದ್ದ ಕಣೇ. ಅವರ ಕಡೆಯವನು, ಉರ್ಕೊಳ್ಳಲಿ ಅಂತ ನಾವು ಇನ್ನೂ ಜೋರಾಗಿ ಬಡಿದ್ವಿ. ಮತ್ತೆ ಸಭೇಲಿ ಅವನು ತಾನೇ ಮಾಡಿದೆ ಅಂದಾಗ... ನಮ್ಮ ಸದ್ದಿನ ಜೊತೆ ಅವನ ಮಿಷನ್ನೂ ಓಡಿರಬೇಕು ಅನ್ಕೊಂಡೆ."

ನೋಡಿದ್ದ! ಎಲ್ಲ ಗೊತ್ತಿತ್ತು ಅವನಿಗೆ.

ಅಳತೆಯ ಹತ್ತಿರ ಅವಳ ಮನೆಯವರ ನೆರಳು ಸುಳಿದರೆ ವರದಿಯೂ ಇಲ್ಲ, ಅವಳೂ ಇಲ್ಲ. ಆ ಷರತ್ತು ಅವನಿಗೆ ಗೊತ್ತಿತ್ತು. ಅತ್ತೆಯ ಹೆಸರು ಹೊರಗೆ ಬರಬಾರದು ಎಂದು ಅಷ್ಟೂ ಜನರ ಎದುರು ತನ್ನ ಮಾನ, ಕೆಲಸ ಎರಡನ್ನೂ ಎತ್ತಿ ಕೊಟ್ಟುಬಿಟ್ಟಿದ್ದ. ಅವಳು... ಅವಳು ಆರೋಪ ಹೊರಿಸುವಾಗ ಅವನ ಮುಖವನ್ನೂ ನೋಡಿರಲಿಲ್ಲ.

ಗುಬ್ಬಿ ಮೊಣಕಾಲಿಗೆ ಹಣೆ ಒತ್ತಿ ಬಿಕ್ಕಿದಳು. ಇಷ್ಟು ದಿನ ಕೋಪ ಎಂದುಕೊಂಡದ್ದು ಕೋಪವೇ ಆಗಿರಲಿಲ್ಲ. ಅವನು ಬೇಕು ಅವಳಿಗೆ. ಮೊದಲಿನಿಂದಲೂ ಬೇಕಾಗಿದ್ದ.

ಅತ್ತೆ ಪಕ್ಕದಲ್ಲಿ ಬಂದು ಕೂತಳು. ಆಗಿದ್ದು ಆಗಿಹೋಯಿತು, ಇವತ್ತಿನಿಂದ ಯಾರೂ ಉಸಿರೆತ್ತುವುದಿಲ್ಲ, ಹೊಸದಾಗಿ ಅಳೆ, ಬಾಯಿ ಮುಚ್ಚಿಕೊಂಡಿರು ಎಂದು ಬೇಡಿಕೊಂಡಳು. ಬೀದಿಯೂ ಉಳಿಯುತ್ತದೆ, ನಿನ್ನ ಕೆಲಸವೂ ಉಳಿಯುತ್ತದೆ.

ಹೌದು, ಎಲ್ಲ ಉಳಿಯುತ್ತಿತ್ತು. ಅವನೊಬ್ಬ ಮಾತ್ರ ಸುಳ್ಳನಾಗಿ ಉಳಿಯುತ್ತಿದ್ದ. ಹೇಳಿಬಿಟ್ಟರೆ? ಕಂಪನಿಯ ವಕೀಲರು ವರದಿಯನ್ನೇ ಕಸದ ಬುಟ್ಟಿಗೆ ಹಾಕಿಸಬಹುದು. ಗೇಟು ಇಲ್ಲೇ ಬರಬಹುದು. ಸಾಕಿದ ಅತ್ತೆಯ ನಿದ್ದೆಯನ್ನು ತಾನೇ ತಪ್ಪಿಸಿದ ಹಾಗಾಗಬಹುದು. ಗುಬ್ಬಿ ಎದ್ದು ಬೀದಿಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ನಡೆದಳು. ಬೀದಿಯವರೆಲ್ಲ ಪಾತ್ರೆ ಹಿಡಿದುಕೊಂಡು ಅವಳನ್ನೇ ನೋಡುತ್ತಿದ್ದರು.

ಕೊನೆಗೆ ಅತ್ತೆಯ ಎದುರು ಬಂದು ನಿಂತಳು. "ನನ್ನ ಕೈಲಾಗಲ್ಲ ಅತ್ತೆ. ನನ್ನ ಕೆಲಸ ನಿಂತಿರೋದೇ ನಿಜದ ಮೇಲೆ. ಅವರ ಮೇಲೆ ಸುಳ್ಳು ಹೊರಿಸಿ ನಾನು ಯಾವ ಮುಖ ಇಟ್ಕೊಂಡು ಅಳೀಲಿ? ನಾನು... ನಾನು ಅವರನ್ನ ಪ್ರೀತಿಸ್ತೀನಿ."

ಅತ್ತೆ ಸೌಟನ್ನು ಟವೆಲಿಗೆ ಒರೆಸಿ, ಸಭೆಗೆ ನಾನೂ ಬರುತ್ತೇನೆ, ಬಡಿದವಳು ನಾನು ತಾನೇ ಎಂದಳು.

ಮುಂದಿನ ಸಭೆಯಲ್ಲಿ ಗುಬ್ಬಿ ಎಲ್ಲವನ್ನೂ ಹೇಳಿದಳು. ಧ್ವನಿ ಎರಡು ಕಡೆ ಒಡೆಯಿತು, ಆದರೆ ಒಂದು ಮಾತನ್ನೂ ಬಿಡಲಿಲ್ಲ. ಅವಳ ಬೆನ್ನಿಗೇ ಅತ್ತೆ ಎದ್ದಳು, ಅತ್ತೆಯ ಬೆನ್ನಿಗೆ ಬೇಕರಿಯಣ್ಣ, ಆಮೇಲೆ ಇಡೀ ಬೀದಿ. ಮೇಲಧಿಕಾರಿ ಹಣೆಗೆ ಕೈ ಹಚ್ಚಿಕೊಂಡು ಕೂತರು. ಕಂಪನಿಯ ವಕೀಲರಿಗಂತೂ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ವರದಿಯನ್ನು ತಳ್ಳಿಹಾಕಿ, ಗೇಟಿಗೆ ಒಪ್ಪಿಗೆ ಕೊಟ್ಟುಬಿಡಿ ಎಂದರು.

ಅಧ್ಯಕ್ಷೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ವಕೀಲರೇ, ಈ ಜನ ಗದ್ದಲ ತೋರಿಸೋಕೆ ಮನೇಲಿರೋ ಪಾತ್ರೆ ಎಲ್ಲ ಹೊತ್ಕೊಂಡು ಬಂದು ಬಡೀಬೇಕಾಯ್ತು. ಹಾಗಾದ್ರೆ ಆ ಬೀದಿ ಎಷ್ಟು ನಿಶ್ಶಬ್ದವಾಗಿರಬೇಕು, ನೀವೇ ಹೇಳಿ."

ಮೊದಲು ಯಾರೋ ಒಬ್ಬರು ನಕ್ಕರು. ಆಮೇಲೆ ಇಡೀ ಕೋಣೆ ನಕ್ಕಿತು. ವಕೀಲರು ಕೂತರು.

ಬೇರೆ ಕಚೇರಿಯವರು ಬಂದು ಹೊಸದಾಗಿ ಅಳೆಯಬೇಕು, ಗುಬ್ಬಿ ಈ ಕೆಲಸದಿಂದ ಹಿಂದೆ ಸರಿಯಬೇಕು ಎಂದು ತೀರ್ಮಾನವಾಯಿತು. ಷರತ್ತು ಷರತ್ತೇ. ಇಂಜಿನಿಯರು ಯಂತ್ರ ಓಡಿಸಲಿಲ್ಲ ಎಂದೂ ಅಧ್ಯಕ್ಷೆ ಬರೆಸಿದರು. ಹೊಸಬರು ಅಳೆದರು. ಆ ವಾರ ಬೀದಿಯಲ್ಲಿ ಸೀನುವವರು ಕೂಡ ದಿಂಬಿಗೆ ಮೂಗು ಒತ್ತಿ ಸೀನಿದರು. ಗೇಟು ಕಾಲುವೆ ದಾಟಿ ಹೆದ್ದಾರಿಯ ಕಡೆಗೆ ಹೋಯಿತು.

ಗುಬ್ಬಿ ಅದಕ್ಕೆಲ್ಲ ಕಾದು ಕೂರಲಿಲ್ಲ. ಸಭೆ ಮುಗಿದ ಕೂಡಲೇ ಅವನು ಎಲ್ಲಿದ್ದಾನೆ ಎಂದು ಹುಡುಕಲು ಹೊರಟಳು. ಫೋನು ಹತ್ತುತ್ತಿರಲಿಲ್ಲ. ಕೊರೆಯುವ ಕೆಲಸದವರನ್ನು ಕೇಳಿದಳು. ಊರಿನ ಇನ್ನೊಂದು ಕಡೆ ಅವನ ಅಣ್ಣನ ಹಿಟ್ಟಿನ ಗಿರಣಿ ಇದೆ, ಅಲ್ಲಿ ನೋಡಿ ಎಂದರು.

ಗಿರಣಿಯ ಮುಂದೆ ಡಬ್ಬಿ, ಚೀಲ ಹಿಡಿದವರ ಸಾಲು. ಒಳಗೆ ಯಂತ್ರದ ಭರಾಟೆ. ಗುಬ್ಬಿಯೂ ಸಾಲಿನಲ್ಲಿ ನಿಂತಳು. ಏನು ಬೀಸಬೇಕು ಎಂದು ಅಣ್ಣ ಕೇಳಿದಾಗ ಅವಳ ಕೈಯಲ್ಲಿ ಏನೂ ಇರಲಿಲ್ಲ. ಅವಳ ಒದ್ದೆ ಕಣ್ಣು ನೋಡಿ ಆ ಅಣ್ಣನಿಗೆ ಏನು ಅರ್ಥವಾಯಿತೋ, ಒಳಗೆ ತಿರುಗಿ, ಲೋ, ನಿನಗೇ ಬಂದಿರೋದು ಎಂದು ಕೂಗಿದ.

ಹಿಟ್ಟಿನ ಚೀಲ ಹೊತ್ತು ಬಂದವನು ಅವಳನ್ನು ನೋಡಿ ಹಾಗೇ ನಿಂತ. ತಲೆಯಿಂದ ಕಾಲಿನವರೆಗೆ ಬಿಳಿ. ರೆಪ್ಪೆಯ ಮೇಲೂ ಹಿಟ್ಟು. ಎಷ್ಟು ಸೊರಗಿದ್ದ!

ಇಬ್ಬರೂ ಹಿಂದಿನ ಗೋಡೆಯ ಬಳಿ ಬಂದರು. ದಾರಿಯುದ್ದಕ್ಕೂ ಕ್ಷಮೆ ಕೇಳಬೇಕೆಂದು ಜೋಡಿಸಿಕೊಂಡು ಬಂದಿದ್ದಳು. ಬಾಯಿ ತೆರೆದರೆ ಬಂದದ್ದು ಜಗಳ.

"ಯಾರು ಹೇಳಿದ್ದು ನಿನಗೆ ಸುಳ್ಳು ಹೇಳು ಅಂತ? ನಾನು ಕೇಳಿದ್ನಾ?"

"ಇಲ್ಲ."

"ನನಗೆ ಒಂದು ಮಾತು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನೀವು ಸುಮ್ನೆ ಇರ್ತಿದ್ರಾ?"

ಗುಬ್ಬಿ ತಲೆ ತಗ್ಗಿಸಿದಳು. ಇರುತ್ತಿರಲಿಲ್ಲ. ಆ ಕ್ಷಣವೇ ಎದ್ದು ಹೇಳಿಬಿಡುತ್ತಿದ್ದಳು.

"ಅದಕ್ಕೇ ಹೇಳ್ಲಿಲ್ಲ," ಎಂದ ಅವನು. "ನಿಮ್ಮ ಮಾತಿನ ಮೇಲೆ ಯಾರಿಗೂ ಅನುಮಾನ ಬರಬಾರದಿತ್ತು. ನನ್ನ ಮಾತು ಹೋದ್ರೆ ಹೋಗ್ಲಿ ಅನ್ನಿಸ್ತು."

"ಇವತ್ತು ಎಲ್ಲರ ಮುಂದೆ ಹೇಳ್ಬಿಟ್ಟೆ. ನಿನ್ನ ಮಾತು ಎಲ್ಲೂ ಹೋಗಿಲ್ಲ. ನನ್ನನ್ನ ಆ ಕೆಲಸದಿಂದ ತೆಗೆದ್ರು."

ಅವನ ಮುಖ ಕಂದಿತು. ಏನೋ ಹೇಳಹೊರಟ. ಅವಳು ಬಿಡಲಿಲ್ಲ. ಕಣ್ಣೀರು ಹರಿಯುತ್ತಲೇ ಇತ್ತು, ಮಾತೂ ಹರಿಯಿತು.

"ನಿನ್ನನ್ನ ದ್ವೇಷಿಸೋಕೆ ಎಷ್ಟು ಕಷ್ಟಪಟ್ಟೆ ಗೊತ್ತಾ? ಆಗ್ಲೇ ಇಲ್ಲ. ನಿಂತಲ್ಲಿ ನಿಲ್ಲೋಕಾಗ್ಲಿಲ್ಲ, ಕೂತಲ್ಲಿ ಕೂರೋಕಾಗ್ಲಿಲ್ಲ. ನನ್ನನ್ನ ಕಾಪಾಡ್ತೀನಿ ಅಂತ ಇನ್ಮೇಲೆ ನನ್ನಿಂದ ಏನೂ ಮುಚ್ಚಿಡಬೇಡ. ಬೈಸ್ಕೊಳ್ಳೋದಿದ್ರೆ ಇಬ್ರೂ ಸೇರಿ ಬೈಸ್ಕೊಳ್ಳೋಣ. ಪಕ್ಕದಲ್ಲಿ ಇರು, ಅಷ್ಟು ಸಾಕು."

ಅವನು ಕೈಯ ಹಿಟ್ಟನ್ನು ಅಂಗಿಗೆ ಒರೆಸಿಕೊಂಡ. ಅಂಗಿಯೂ ಹಿಟ್ಟೇ. ಹಾಗೇ ಅವಳ ಕೆನ್ನೆ ಒರೆಸಿದ.

"ನಾನು ನಿನ್ನನ್ನ ಪ್ರೀತಿಸ್ತೀನಿ ಗುಬ್ಬಿ," ಎಂದ.

ಅವಳು ಅವನ ಎದೆಗೆ ಹಣೆ ಒತ್ತಿ ನಿಂತಳು. ಎಷ್ಟೋ ಹೊತ್ತು ಕದಲಲಿಲ್ಲ.

"ಇಷ್ಟು ಹೊತ್ತು ಒಂದೇ ಕಡೆ ನಿಂತಿದೀಯಲ್ಲ," ಎಂದ ಅವನು ಮೆಲ್ಲಗೆ. "ಕಾಲು ನೋಯಲ್ವಾ?"

"ನೋಯುತ್ತೆ," ಎಂದಳು. "ಆದ್ರೂ ಹೋಗಲ್ಲ."